ಕೂಡುಕುರಿ

ತಮಿಳು ಲೆಕ್ಕದ ಮಾಸಿ ತಿಂಗಳು ಹುಟ್ಟಿ ನಾಲ್ಕು ದಿನವಾಗಿತ್ತು. ಬೆಳಗಿನ ಮಂಜು ಬೇಗ ಆರಿ, ಪಳನಿಸ್ವಾಮಿ ಗೌಂಡರ ಹೊಲದ ಕೆಂಪು ಮಣ್ಣು ಬಿಸಿಲಿಗೆ ಪುಡಿಯಾಗತೊಡಗಿತ್ತು. ಆಳುಗಳು ಮರಗೆಣಸಿನ ಗಿಡಗಳನ್ನು ಬುಡ ಹಿಡಿದು ಕೀಳುತ್ತಿದ್ದರು. ಹೆಂಗಸರು ಗೆಡ್ಡೆ ಕಡಿದು, ಮಣ್ಣು ಕೊಡವಿ ಕುಕ್ಕೆಗೆ ಹಾಕುತ್ತಿದ್ದರು. ತುಂಬಿದ ಕುಕ್ಕೆಯನ್ನು ಮುನಿವೆಂಕಟಪ್ಪ ತಲೆಗೇರಿಸಿಕೊಂಡು, ಹಲಗೆ ಹತ್ತಿ, ಲಾರಿಗೆ ಸುರಿದು ಇಳಿಯುತ್ತಿದ್ದ. ಮಧ್ಯಾಹ್ನದೊಳಗೆ ಲಾರಿ ಸಬ್ಬಕ್ಕಿ ಮಿಲ್ಲಿಗೆ ಹೊರಡಬೇಕು. ಅವನಿಗೆ ಐವತ್ತೆರಡು. ಕುರಿಯ ಹಿಂದೆ ದಿನವಿಡೀ ನಡೆದರೂ ದಣಿಯದ ಕಾಲು ಈ ಹಲಗೆಗೆ ಇನ್ನೂ ಒಗ್ಗಿರಲಿಲ್ಲ, ಮೀನಖಂಡ ಸೆಳೆಯುತ್ತಿತ್ತು.

ಹೊಲದ ಮೂಲೆಯಲ್ಲಿ ಗೆಣಸಿನ ಸೊಪ್ಪಿನ ರಾಶಿ ಬಿದ್ದಿತ್ತು. ಅತ್ತ ನೋಡದೆ ಓಡಾಡುವುದನ್ನು ಅವನು ರೂಢಿ ಮಾಡಿಕೊಂಡಿದ್ದ.

"ಎನ್ನ ಮುನಿ, ಮುಡಿವು ಪಣ್ಣಿಟ್ಟಿಯಾ?" ಎಂದರು ಗೌಂಡರು ಬದುವಿನ ಮೇಲಿಂದ. ತೀರ್ಮಾನ ಮಾಡಿದೆಯಾ ಎಂದು. ಮಿಲ್ಲಿನ ಅಂಗಳದಲ್ಲಿ ಗೆಣಸು ಇಳಿಸಿಕೊಳ್ಳಲು ಕಾಯಂ ಆಳು ಬೇಕಾಗಿತ್ತು. ಉಳಿಯಲು ಒಂದು ಕೋಣೆ, ತಿಂಗಳ ಸಂಬಳ. ಗೌಂಡರ ಭಾವಮೈದುನನೇ ಅಲ್ಲಿ ಮೇಲ್ವಿಚಾರಕ.

"ಸೊಲ್ರೇನ್ ಗೌಂಡ್ರೇ," ಹೇಳ್ತೀನಿ ಎಂದು ಮುನಿವೆಂಕಟಪ್ಪ ಮತ್ತೊಂದು ಕುಕ್ಕೆಗೆ ಬಗ್ಗಿದ.

"ಹತ್ತು ದಿನದಿಂದ ಇದೇ ಮಾತು. ಅಮಾವಾಸ್ಯೆ ದಾಟಿದರೆ ಬೇರೆಯವನನ್ನು ಸೇರಿಸಿಕೊಳ್ಳುತ್ತಾರೆ," ಎಂದು ಗೌಂಡರು ತಮಿಳಿನಲ್ಲೇ ಹೇಳಿ ಹೋದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಆದದ್ದು ತಮ್ಮ ಹೊಲದಲ್ಲಿ ಎಂಬುದು ಅವರನ್ನೂ ಕೊರೆಯುತ್ತಿತ್ತು.

ಆದದ್ದು ಕಾರ್ತಿಕದ ಕೊನೆಯಲ್ಲಿ. ಗೌಂಡರ ಇನ್ನೊಂದು ತುಂಡಿನಲ್ಲಿ ಗೊಬ್ಬರಕ್ಕೆಂದು ಮುನಿವೆಂಕಟಪ್ಪ ಐದು ರಾತ್ರಿ ಕುರಿ ಕಟ್ಟಿದ್ದ. ಪಕ್ಕದಲ್ಲಿ ಕಿತ್ತ ಮರಗೆಣಸಿನ ಸೊಪ್ಪು ರಾಶಿ ಬಿದ್ದಿತ್ತು. ಹಸಿ ಸೊಪ್ಪು ವಿಷ, ಚೆನ್ನಾಗಿ ಒಣಗಿದ್ದು ಮೇವು. ಇದು ಆ ಕಡೆಯ ಕುರಿಗಾರರಿಗೆಲ್ಲ ಗೊತ್ತು. ಮುನಿವೆಂಕಟಪ್ಪ ಎಷ್ಟೋ ವರ್ಷಗಳಿಂದ ಒಣಸೊಪ್ಪು ತಿನ್ನಿಸಿದವನೇ. ಅಂದೂ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಉಜ್ಜಿ ನೋಡಿದ. ಗರಗರ ಪುಡಿಯಾಯಿತು. ಆದರೆ ಆಳುಗಳು ಹಿಂದಿನ ಸಂಜೆ ಕಿತ್ತ ಗಿಡಗಳ ಹಸಿ ಸೊಪ್ಪನ್ನು ಅದೇ ರಾಶಿಗೆ ಸೇರಿಸಿ, ಒಣಗಿದ್ದನ್ನು ಮೇಲೆ ಎಳೆದಿದ್ದರು. ಕೈಯನ್ನು ಇನ್ನೊಂದು ಮೊಳ ಒಳಗೆ ಹಾಕಿದ್ದರೆ ತಿಳಿಯುತ್ತಿತ್ತು. ಹಾಕಲಿಲ್ಲ. ಕುರಿಗಳ ಸುತ್ತ ಕಟ್ಟಿದ್ದ ಬಲೆ ಬಿಚ್ಚಿದ. ಮೊರಪ್ಪೂರಿನಿಂದ ದನದ ಡಾಕ್ಟರು ಬೈಕಿನಲ್ಲಿ ಬರುವಷ್ಟರಲ್ಲಿ ಅರವತ್ತೆರಡು ಕುರಿ ಕಾಲು ಚಾಚಿದ್ದವು. ಉಳಿದದ್ದು ಮನೆಯ ಹತ್ತಿರ ಕುಕ್ಕೆಯಡಿ ಮುಚ್ಚಿಟ್ಟಿದ್ದ ಮೂರು ಎಳೆಮರಿ. ಅವಕ್ಕೆ ಇನ್ನೂ ಸೊಪ್ಪು ತಿನ್ನಲು ಬರುತ್ತಿರಲಿಲ್ಲ.

ಊಟದ ಹೊತ್ತಿಗೆ ರಾಮಕ್ಕನ ಮೊಪೆಡ್ಡು ಸದ್ದು ಮಾಡುತ್ತ ಬದುವಿಗೆ ಬಂತು. ಕುರಿ ಹಟ್ಟಿ ಯಾವ ಊರಿನ ಹೊಲದಲ್ಲಿದ್ದರೂ ಗಂಡನಿಗೆ ಮುದ್ದೆ ಮುಟ್ಟಿಸಲೆಂದು ಏಳು ವರ್ಷದ ಕೆಳಗೆ ಅವಳು ಗಾಡಿ ಕಲಿತಿದ್ದಳು. ಬುತ್ತಿ ಬಿಚ್ಚಿ ಅವನ ಮುಂದಿಟ್ಟು, ತಾನು ಹುಣಸೆ ಮರದ ಬೇರಿನ ಮೇಲೆ ಕೂತಳು.

"ಇನ್ನ ಅನ್ನೊಂದು ದಿನ ಐತೆ," ಎಂದಳು.

"ಏನಕ್ಕೆ?"

"ಏನಕ್ಕೆ ಅಂತ ನನ್ನ ಕೇಳ್ತೀಯಾ? ಅಮಾಸೆಗೆ. ಮೂರ್ನೇ ಅಮಾಸೆ."

ಮುನಿವೆಂಕಟಪ್ಪ ಮುದ್ದೆ ಮುರಿದ.

"ನಿಮ್ಮಪ್ಪನ ಮಂದೆ ಸಿಡಿಲಿಗೋದಾಗ ಅವ್ನು ಕೇಳ್ದ. ನಮ್ಮ ಸೋದರಮಾವ ಕೇಳ್ದ. ನಿಂಗೇನು ಬಾಯಿಗೆ ಬೀಗ ಬಿದ್ದೈತಾ?"

"ಗೌಂಡ್ರು ಮಿಲ್ಲಲ್ಲಿ ವೇಲೆ ಕೊಡುಸ್ತಾರಂತೆ."

"ಕೊಡುಸ್ಲಿ. ನಿನ್ನ ಕುರಿ ಸಾಯ್ಸಿದ್ದ ಮರವಳ್ಳಿ ಗೆಣಸ್ನೇ ದಿನಾ ಒತ್ಕಂಡು ತಿರುಗು. ಆ ಮೂರು ಮರೀನ ನಾನು ಪಕ್ಕದ ಮನೆ ಮೇಕೆ ಆಲು ಕುಡ್ಸಿ ಸಾಕ್ತಾ ಇದೀನಲ್ಲ, ಅವುನ್ನೂ ನಿನ್ನ ಲಾರಿ ಇಂದೆ ಕಟ್ಕಂಡೋಗು."

ಅವರಲ್ಲಿ ಅದನ್ನು ಕೂಡುಕುರಿ ಎನ್ನುತ್ತಿದ್ದರು. ಮಂದೆ ಮುರಿದವನು ಮೂರು ಅಮಾವಾಸ್ಯೆಯೊಳಗೆ ತನ್ನವರ ಹಟ್ಟಿಗಳಿಗೆ ಹೋಗಬೇಕು. ಬೆಳಗ್ಗೆ ಬಲೆ ಬಿಚ್ಚುವ ಮೊದಲು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಬಲೆಯ ಹೊರಗೆ ನಿಂತು ಬಾಯಿಬಿಟ್ಟು ಕೇಳಬೇಕು. ಹಟ್ಟಿಯವನು ಒಂದು ಹೆಣ್ಣುಕುರಿ ಕೊಡುತ್ತಾನೆ. ಕಿವಿಯಲ್ಲಿ ಕೊಟ್ಟವನ ಗುರುತಿನ ಕಚ್ಚೇ ಇರುತ್ತದೆ. ಆ ಕುರಿ ಹಾಕಿದ ಮೊದಲ ಹೆಣ್ಣುಮರಿಯನ್ನು ತಿರುಗಿ ಕೊಟ್ಟ ಮೇಲೆ ಅದು ಪಡೆದವನದಾಗುತ್ತದೆ. ಒಂದೇ ಕಟ್ಟುಪಾಡು. ಯಾವ ಹಟ್ಟಿಯನ್ನೂ ಬಿಡುವಂತಿಲ್ಲ. ಒಬ್ಬನನ್ನು ಕೇಳದೆ ಹಾದುಹೋದರೆ ಉಳಿದವರೂ ಕೊಡಬೇಕಾಗಿಲ್ಲ.

ಸುತ್ತಿನಲ್ಲಿ ಅವರ ಕಡೆಯವರ ಹಟ್ಟಿ ಹತ್ತು. ಒಂಬತ್ತಕ್ಕೆ ಮುನಿವೆಂಕಟಪ್ಪ ಮಾರನೆಯ ದಿನವೇ ಹೋಗಿಬಿಡುತ್ತಿದ್ದ. ಹತ್ತನೆಯದು ಚೆನ್ನಕೇಶವನದು.

ಚೆನ್ನಕೇಶವ ರಾಮಕ್ಕನ ದೊಡ್ಡಪ್ಪನ ಮಗ. ನಾಲ್ಕು ವರ್ಷದ ಕೆಳಗೆ ರೋಗ ಬಂದು ಅವನ ಮಂದೆ ಮುರಿಯಿತು. ಕಂಬಳಿ ಹಾಕಿಕೊಂಡು ಅವನು ಬಂದು ನಿಂತ ಬೆಳಗ್ಗೆ ಮುನಿವೆಂಕಟಪ್ಪನ ಹಟ್ಟಿಯಲ್ಲಿ ಎಂಬತ್ತು ಕುರಿ ಇದ್ದವು. ಸಂಜೆ ಕಟುಕರ ವ್ಯಾಪಾರಿ ಬರುವುದಿತ್ತು. ಅವನಿಗಾಗಿ ನಾಲ್ಕು ಮುದಿ ಕುರಿಗಳನ್ನು ಬೇವಿನ ಮರಕ್ಕೆ ಬೇರೆಯಾಗಿ ಕಟ್ಟಿದ್ದರು. "ಆ ಚುಕ್ಕೆ ಕುರಿ ಕೊಡು, ಗಬ್ಬ ಐತೆ," ಎಂದು ರಾಮಕ್ಕ ಪಿಸುಗುಟ್ಟಿದ್ದಳು. ಅವನು ಬೇವಿನ ಮರದ ಹತ್ತಿರ ಹೋಗಿ, ಮೂರೇ ಹಲ್ಲುಳಿದಿದ್ದ ಒಂದನ್ನು ಬಿಚ್ಚಿ ತಂದು ಕೊಟ್ಟ. ಚೆನ್ನಕೇಶವ ಕುರಿಯನ್ನು ನೋಡಿದ, ಅವನ ಮುಖವನ್ನು ನೋಡಿದ. "ಒಳ್ಳೇದಾಗ್ಲಿ ಬಾವ," ಎಂದು ಅದರ ನಡಿಗೆಗೆ ತಕ್ಕಂತೆ ನಿಧಾನವಾಗಿ ನಡೆದುಹೋದ. ಆಮೇಲೆ ಮದುವೆ ಮುಂಜಿಗಳಲ್ಲಿ ಅವನು ಕೂತ ಪಂಕ್ತಿಯಲ್ಲಿ ಮುನಿವೆಂಕಟಪ್ಪ ಕೂರಲಿಲ್ಲ.

"ಅಣ್ಣ ಏನು ನಿನ್ನ ಕಚ್ತಾನಾ?" ಎಂದಳು ರಾಮಕ್ಕ ಬುತ್ತಿ ಕಟ್ಟುತ್ತ.

"ಕಚ್ಚಿದ್ರೆ ವಾಸಿ ಆಗಿತ್ತು."

"ಕಚ್ಚುಸ್ಕ. ನಾಳೆ ಮೂರು ಗಂಟೆಗೆ ಏಳು. ಕಂಬಳಿ ಕೊಡವಿ ಮಡಗಿದೀನಿ."

ಲಾರಿಯಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು. ಅವನು ಕೈ ತೊಳೆದು ಎದ್ದ. ಮರುದಿನ ಬೆಳಗಿನ ಜಾವ ಮೊಪೆಡ್ಡಿನ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಕೂತಿದ್ದ.

ಮೊದಲ ಹಟ್ಟಿ ಮುದುಕ ಪೊನ್ನುಸ್ವಾಮಿಯದು. ಬಲೆಯ ಹೊರಗೆ ನಿಂತ ಮುನಿವೆಂಕಟಪ್ಪ ಎರಡು ಸಲ ಕೆಮ್ಮಿದ. ಮುದುಕ ಒಳಗಿಂದ ಟಾರ್ಚು ಹಾಕಿ ಮುಖ ನೋಡಿದ.

"ಯಾರ್ಲಾ ಅದು? ಮುನೀನಾ? ಕೆಮ್ಮಾಕೆ ಬಂದ್ಯಾ, ಕೇಳಾಕೆ ಬಂದ್ಯಾ?"

"ನನ್ನ ಅಟ್ಟಿ ಬರಿದಾಯ್ತು ಮಾವ," ಎಂದ. "ಒಂದು ಜೀವ ಕೊಡು."

"ಅಷ್ಟು ಏಳಾಕೆ ಎರಡು ತಿಂಗ್ಳು ಬೇಕಾಯ್ತಾ ನಿಂಗೆ?" ಮುದುಕ ಎದ್ದು, ಕತ್ತಲಲ್ಲೇ ಕುರಿಗಳ ಬೆನ್ನು ಸವರುತ್ತ ಹೋಗಿ, ಒಂದನ್ನು ಹಿಂಗಾಲು ಹಿಡಿದು ಎಳೆದು ತಂದ. ಉಪಕಾರವಾಯಿತು ಎನ್ನುವ ಮಾತು ಅವರಲ್ಲಿ ಇಲ್ಲ. ಪಡೆದವನು ಕಂಬಳಿಯ ತುದಿಯಿಂದ ಕುರಿಯ ಹಣೆ ಒರೆಸುತ್ತಾನೆ, ಅಷ್ಟೆ. ಮುನಿವೆಂಕಟಪ್ಪ ಒರೆಸಿದ. ಒರೆಸಿದ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಮೂರನೆಯ ದಿನ ರೈಲು ಹಳಿಯ ಪಕ್ಕದ ಹೊಲದಲ್ಲಿ ರಾಜಾತಿಯ ಹಟ್ಟಿಗೆ ಹೋದರು. ಗಂಡ ಸತ್ತ ಮೇಲೆ ಇಪ್ಪತ್ತು ಕುರಿಯಲ್ಲೇ ಬದುಕು ಮಾಡುತ್ತಿದ್ದ ಹೆಂಗಸು. ಅವನು ಬಾಯಿ ತೆರೆಯುವ ಮೊದಲೇ ಬೈಯತೊಡಗಿದಳು.

"ಎರಡು ಅಮಾಸೆ ಓಯ್ತು. ಇವ್ಳತ್ರ ಏನೈತೆ ಕೇಳಾಕೆ ಅಂತ ಬುಟ್ಟು ಓಗಿದ್ಯಾ? ಪೊಂಗಲ್ ಸಂತೆಗೆ ಒಡ್ಕಂಡೋಗ್ಬೇಕಾಗಿತ್ತು ಈ ಕೆಂದ್ಗುರೀನ. ನೀನು ಬತ್ತೀಯ ಅಂತ ಮಡೀಕಂಡೆ. ಅದು ತಿಂದಿದ್ದ ಮೇವಿನ ಲೆಕ್ಕ ನಿನ್ನ ತಲೆ ಮೇಲೆ!"

"ಕೇಳ್ತೀನಿ ಇರಕ್ಕ," ಎಂದ ಅವನು.

"ಕೇಳು ಮತ್ತೆ! ನಿಂತವ್ನೆ ಕಂಬ ಇದ್ದಂಗೆ."

ಅವನು ಕೇಳಿದ. ಕೆಂದಗುರಿಯನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಬರುವಾಗ ರೈಲ್ವೆ ಗೇಟು ಬಿದ್ದಿತ್ತು. ಜೋಲಾರಪೇಟೆ ಕಡೆಯ ಗಾಡಿ ನಿಧಾನವಾಗಿ ಹಾಯುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಟೌನ್ ಬಸ್ಸಿನ ಕಿಟಕಿಯಿಂದ ಒಬ್ಬ, ಕುರಿ ಎಷ್ಟಕ್ಕೆ ಎಂದು ತಮಿಳಿನಲ್ಲಿ ಕೇಳಿದ. ಕುರಿ ಮಾರುವುದಕ್ಕಿಲ್ಲ, ಬೇಕಾದರೆ ಅದನ್ನು ಹಿಡಿದುಕೊಂಡಿರುವವನನ್ನು ಕರೆದುಕೊಂಡು ಹೋಗು ಎಂದಳು ರಾಮಕ್ಕ. ಬಸ್ಸಿಗೆ ಬಸ್ಸೇ ನಕ್ಕಿತು. ಅದೇ ಹೊತ್ತಿಗೆ ಕುರಿ ಅವನ ಪಂಚೆಯ ಮೇಲೆ ಉಚ್ಚೆ ಹುಯ್ದಿತು. ಎರಡು ತಿಂಗಳಲ್ಲಿ ಮೊದಲ ಸಲ ಮುನಿವೆಂಕಟಪ್ಪನಿಗೆ ನಗು ಬಂತು. ಗೇಟು ಎತ್ತುವವರೆಗೂ ಅವನ ಹೊಟ್ಟೆ ಕುಲುಕುತ್ತಿತ್ತು.

ಒಂದು ವಾರದಲ್ಲಿ ಒಂಬತ್ತು ಕುರಿ ಬಂದವು. ಯಾರೂ ಕಳಪೆ ಕೊಟ್ಟಿರಲಿಲ್ಲ. ಎರಡು ಗಬ್ಬದವು. ಆದರೆ ಒಂಬತ್ತನ್ನೂ ಮನೆಯ ಹಿಂದೆ ಒಂದೊಂದು ಗೂಟಕ್ಕೆ ಕಟ್ಟಬೇಕಾಯಿತು. ಬಿಟ್ಟರೆ ಒಂದು ರೈಲು ಹಳಿಯ ಕಡೆ, ಒಂದು ಅರೂರು ರಸ್ತೆಯ ಕಡೆ, ಒಂದು ಗುಡ್ಡದ ಕಡೆ, ಹೀಗೆ ತಾವು ಬಂದ ಹಟ್ಟಿಯ ದಿಕ್ಕಿಗೆ ಓಡುತ್ತಿದ್ದವು. ಹಗಲೆಲ್ಲ ಅರಚಿ ಅವುಗಳ ಗಂಟಲು ಕಟ್ಟಿತ್ತು. "ಇವು ಮಂದೆ ಅಲ್ಲ, ಬಸ್ ಸ್ಟ್ಯಾಂಡು," ಎಂದಳು ರಾಮಕ್ಕ.

ಅಮಾವಾಸ್ಯೆಗೆ ಮೂರು ದಿನ ಇರುವಾಗ ಚೆನ್ನಕೇಶವನ ಹಟ್ಟಿಗೆ ಹೊರಟರು. ಅದು ಕಂಬೈನಲ್ಲೂರಿನ ದಾರಿಯಲ್ಲಿ, ಕಡಲೆಕಾಯಿ ಕಿತ್ತ ಹೊಲದಲ್ಲಿತ್ತು. ಆಗ ತಾನೇ ಬೆಳಕು ಹರಿಯುತ್ತಿತ್ತು. ನೂರರ ಹತ್ತಿರ ಕುರಿ ಬಲೆಯೊಳಗೆ ಒತ್ತಾಗಿ ಮಲಗಿದ್ದವು. ಚೆನ್ನಕೇಶವನ ಹೆಂಡತಿ ಗೋವಿಂದಮ್ಮ ಮೂರು ಕಲ್ಲಿನ ಒಲೆಯಲ್ಲಿ ಚಹಾ ಕಾಯಿಸುತ್ತಿದ್ದಳು. ಬಲೆಯ ಹೊರಗೆ ಒಂದು ಗೂಟಕ್ಕೆ, ಕೊರಳಲ್ಲಿ ಗಂಟೆಯಿದ್ದ ಒಂದು ಮುದಿ ಕುರಿಯನ್ನು ಬೇರೆಯಾಗಿ ಕಟ್ಟಿದ್ದರು. ಮುನಿವೆಂಕಟಪ್ಪ ಅದನ್ನು ನೋಡಿದ. ನೋಡಿದ ಕೂಡಲೇ ಅದು ಯಾರಿಗೆ ಎಂದು ಅವನಿಗೆ ತಿಳಿಯಿತು. ತಲೆ ತಗ್ಗಿಸಿ ಮುಂದೆ ಹೋಗಿ ನಿಂತ.

"ನನ್ನ ಅಟ್ಟಿ ಬರಿದಾಯ್ತು ಬಾವ. ಒಂದು ಜೀವ ಕೊಡು."

ಚೆನ್ನಕೇಶವ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ. "ನಿಂಗೆ ಅಂತ ಕಟ್ಟಿ ಮಡಗಿ ಒಂದು ವಾರ ಆಯ್ತು," ಎಂದು ಗೂಟದ ಕಡೆ ಕೈ ತೋರಿಸಿದ. "ಇನ್ನ ಬರ್ಲಿಲ್ಲ, ಇನ್ನ ಬರ್ಲಿಲ್ಲ ಅಂತ ದಾರಿ ನೋಡ್ತಾ ಇದ್ದೆ."

"ನಂಗೆ ಇದೇ ಸರಿ," ಎಂದ ಮುನಿವೆಂಕಟಪ್ಪ. "ಬೇರೆ ಕೇಳಾಕೆ ನಂಗೆ ಮುಖ ಇಲ್ಲ."

"ಬೇರೇದು ಯಾಕೆ? ಇದುಕ್ಕಿಂತ ಒಳ್ಳೇದು ನನ್ನ ಅಟ್ಟೀಲಿ ಇಲ್ಲ." ಚೆನ್ನಕೇಶವ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಕೂತೇ ಹೇಳತೊಡಗಿದ. "ಅವತ್ತು ನೀನು ಕೊಟ್ಟ ಕುರೀನ ಒಡ್ಕಂಡೋಗ್ತಾ ಊರುಗಂಟ ನಿನ್ನ ಬೈಕಂಡೇ ಓದೆ ಬಾವ. ಸುಳ್ಳು ಏಳಲ್ಲ. ಆಮೇಕೆ ನೋಡುದ್ರೆ, ಒಂಬತ್ತು ಅಟ್ಟಿ ಕುರಿ, ಒಂಬತ್ತು ದಿಕ್ಕಿಗೆ ಓಡ್ತವೆ. ಇಡಿಯಾಕೆ ಆಗ್ಲಿಲ್ಲ. ನಿನ್ನ ಮುದುಕಿ ಮಾತ್ರ ಎಲ್ಲೂ ಓಡ್ಲಿಲ್ಲ. ನಿಂತ್ಕಂಡು ಮೇಯ್ತಾ ಇತ್ತು. ವಯಸ್ಸಾದ ಕುರಿ, ಎಷ್ಟು ಅಟ್ಟಿ ನೋಡೈತೋ. ಅದು ಮೇಯೋದ ನೋಡಿ ಒಂದು ಬಂತು, ಇನ್ನೊಂದು ಬಂತು. ಎಂಟು ದಿನದಾಗೆ ಎಲ್ಲಾ ಅದ್ರ ಬಾಲ ಇಡ್ಕಂಡು ತಿರುಗಿದ್ವು. ಒಂಬತ್ತು ಜನ ಎಳೇವು ಕೊಟ್ರು. ಮುಂದೆ ನಡ್ಯೋದು ಬೇಕು ಅಂತ ನೀನೊಬ್ಬ ಯೋಚ್ನೆ ಮಾಡ್ದೆ."

ಒಲೆಯ ಹತ್ತಿರ ಗೋವಿಂದಮ್ಮ ಕೆಮ್ಮಿದಳು.

"ಇದೂ ಅಂಗೇ," ಎಂದ ಚೆನ್ನಕೇಶವ. "ನಿನ್ನ ಮುದುಕಿ ಸತ್ಮೇಲೆ ಇದೇ ನನ್ನ ಮಂದೆ ನಡುಸ್ತಾ ಐತೆ. ನಿಂಗೆ ಈಗ ಇದು ಬೇಕು. ಕರ್ಕಂಡೋಗು."

ರಾಮಕ್ಕ ಮೊಪೆಡ್ಡಿಗೆ ಒರಗಿ ನಿಂತಿದ್ದಳು. ಗಂಡ ಕಂಬಳಿಯ ತುದಿ ಹಿಡಿದು ಕುರಿಯ ಹಣೆಯ ಕಡೆ ಬಗ್ಗುವುದನ್ನು, ಬಗ್ಗಿದವನು ಒರೆಸದೆ ನೆಟ್ಟಗಾಗುವುದನ್ನು ನೋಡಿದಳು.

"ನಾನು ಅದುಕ್ಕೆ ಕೊಡ್ಲಿಲ್ಲ ಬಾವ," ಎಂದ ಮುನಿವೆಂಕಟಪ್ಪ.

"ಏನು?"

"ಮುಂದೆ ನಡೀಲಿ ಅಂತ ಕೊಡ್ಲಿಲ್ಲ. ಕಟುಕ್ರುಗೆ ಅಂತ ಕಟ್ಟಿದ್ದೆ ಅದುನ್ನ. ಒಳ್ಳೇದು ಕೊಡಾಕೆ ಮನ್ಸು ಬರ್ಲಿಲ್ಲ. ನಿನ್ನ ತಂಗಿ ಗಬ್ಬದ ಕುರಿ ಕೊಡು ಅಂದ್ಳು, ನಾನೇ ಮುದೀದು ಬಿಚ್ಚುದೆ."

ಬಲೆಯೊಳಗೆ ಒಂದು ಮರಿ ಎದ್ದು ತಾಯಿಯನ್ನು ಹುಡುಕುತ್ತ ಅರಚಿತು. ಗೋವಿಂದಮ್ಮ ಚಹಾದ ಪಾತ್ರೆಯನ್ನು ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ನಾನು ಏಳ್ಲಿಲ್ವಾ?" ಎಂದಳು ಗಂಡನಿಗೆ. "ನಾಲ್ಕು ವರ್ಸದಿಂದ ಏಳ್ತಾ ಇದೀನಿ, ಅವ್ನು ಜಿಪುಣ, ಬುದ್ದಿವಂತ ಅಲ್ಲ ಅಂತ. ಇವ್ನು ಕೇಳ್ಬೇಕಲ್ಲ. ಬಾವ ದೊಡ್ಡ ಯೋಚ್ನೆಗಾರ, ಬಾವ ದೊಡ್ಡ ಯೋಚ್ನೆಗಾರ ಅಂತ ಊರೆಲ್ಲ ಸಾರ್ಕಂಡು ಬಂದ. ಮುನಿಯಣ್ಣ, ಇವತ್ತು ನನ್ನ ಗೆಲ್ಸುದೆ ನೀನು. ಬಾ, ಚಾ ಕುಡಿ."

ಯಾರೂ ನಗಲಿಲ್ಲ, ಅವಳೊಬ್ಬಳೇ ನಕ್ಕಳು. ಲೋಟಗಳಿಗೆ ಚಹಾ ಬಗ್ಗಿಸುತ್ತ ಗಂಡನಿಗೆ ಮತ್ತೆ ಹೇಳಿದಳು: "ಇನ್ನೇನು ಮಾಡ್ತೀಯ ಈಗ? ಕುರಿ ಕೊಡ್ತೀಯೋ, ಬೈದು ಕಳುಸ್ತೀಯೋ? ಚಾ ಆರೋಗ್ತೈತೆ."

ಚೆನ್ನಕೇಶವ ಎದ್ದ. ಮುದಿ ಕುರಿಯ ಹತ್ತಿರ ಹೋಗಿ ಕೊರಳಿಗೆ ಕೈ ಹಾಕಿದ. ಗಂಟೆಯ ಬಾರನ್ನು ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ. ಆಮೇಲೆ ಗೂಟದ ಹಗ್ಗವನ್ನೂ ಬಿಚ್ಚಿ ಮುನಿವೆಂಕಟಪ್ಪನ ಕೈಗೆ ಕೊಟ್ಟ.

"ಗಂಟೆ ನಂದು," ಎಂದ. "ಅವತ್ತು ನೀನು ಯೋಚ್ನೆ ಮಾಡಿ ಕೊಟ್ಟಿದ್ರೆ ಗಂಟೆ ಜೊತೇಗೆ ಕಳುಸ್ತಿದ್ದೆ."

"ಆಗ್ಲಿ."

"ಕುರಿ ಯಾರ ಯೋಚ್ನೆ ಕೇಳಿ ನಡ್ಯಾಕಿಲ್ಲ. ನಿನ್ನ ಮುದುಕಿ ನನ್ನ ಮಂದೆ ನಿಲ್ಸಿದ್ದು ದಿಟ. ಕಟ್ಟಾಕಬ್ಯಾಡ ಇದುನ್ನ. ಬೇರೇವು ಓಡುದ್ರೂ ಇದುನ್ನ ಕಟ್ಟಬ್ಯಾಡ."

ಮುನಿವೆಂಕಟಪ್ಪ ಕಂಬಳಿಯ ತುದಿಯಿಂದ ಕುರಿಯ ಹಣೆ ಒರೆಸಿದ. ಅದು ಕಣ್ಣು ಮುಚ್ಚಿ ತೆರೆಯಿತು.

ಚಹಾ ಕುಡಿಯುವಾಗ ರಾಮಕ್ಕ ಕೇಳಿದಳು, "ಅಣ್ಣ, ಇದು ಇನ್ನ ಮರಿ ಆಕ್ತದಾ?"

"ಎಲ್ಲಿ ಆಕ್ತದೆ? ನಿಂತೋಗಿ ಎರಡು ವರ್ಸ."

"ಮತ್ತೆ ಮೊದ್ಲ ಮರಿ ನಿಂಗೆ ತಿರುಗಿ ಕೊಡೋದು ಎಂಗೆ?"

"ಇವ್ನು ಕೊಟ್ಟಿದ್ದೇನು ಮರಿ ಆಕ್ತಾ?" ಎಂದಳು ಗೋವಿಂದಮ್ಮ. "ಅದ್ರ ಮರೀನೂ ನಾವು ಕೊಟ್ಟಿಲ್ಲ. ನಮ್ಮ ಬಾಕೀನೂ ನಿಂತೈತೆ, ನಿಮ್ದೂ ನಿಂತ್ಕಳ್ಳಿ ಬುಡು."

ಮೊಪೆಡ್ಡಿನ ಮೇಲೆ ಆ ಕುರಿ ಮಿಸುಕಲಿಲ್ಲ. ಊರು ಹತ್ತಿರವಾದಾಗ ರಾಮಕ್ಕ ಮುಂದೆ ನೋಡುತ್ತಲೇ, "ದಿಟ ಏಳಿದ್ದು ಒಳ್ಳೇದಾಯ್ತು," ಎಂದಳು. ಗಾಳಿಗೆ ಅವನಿಗೆ ಕೇಳಿಸಿತೋ ಇಲ್ಲವೋ.

ಅಮಾವಾಸ್ಯೆಯ ಹಿಂದಿನ ದಿನ ಮುನಿವೆಂಕಟಪ್ಪ ಗೌಂಡರ ಮನೆಯ ಜಗಲಿಗೆ ಹೋಗಿ ನಿಂತ. ಕುರಿಗಳು ಇನ್ನೂ ಮಂದೆಯಾಗಿರಲಿಲ್ಲ. ಹಿಂದಿನ ಸಂಜೆ ಎರಡನ್ನು ರೈಲು ಹಳಿಯ ಹತ್ತಿರದಿಂದ ಹಿಡಿದು ತಂದಿದ್ದ. ಆದರೂ, ಮಿಲ್ಲಿಗೆ ಬರುವುದಿಲ್ಲ ಗೌಂಡ್ರೇ ಎಂದ.

ಗೌಂಡರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆಯೆತ್ತಿದರು. ಎಷ್ಟು ಕುರಿ ಎಂದು ಕೇಳಿದರು. ಹತ್ತು ಎಂದ. ಹತ್ತು ಕುರಿ ಒಂದು ಪಾತಿಗೂ ಗೊಬ್ಬರ ಹಾಕುವುದಿಲ್ಲ ಎಂದರು. ಆಮೇಲೆ ಎಲೆ ಬಾಯಿಗಿಟ್ಟುಕೊಂಡು, ಚಿತ್ತಿರೆ ತಿಂಗಳಲ್ಲಿ ಬಾವಿ ಪಕ್ಕದ ತುಂಡಿಗೆ ಕಟ್ಟು, ಎಷ್ಟಿವೆಯೋ ಅಷ್ಟೇ ಕಟ್ಟು, ಸೊಪ್ಪನ್ನು ನಾನೇ ನಿಂತು ಸುಡಿಸಿರುತ್ತೇನೆ ಎಂದರು. ಲಾರಿಗೆ ಹೇರಿದ ಎಂಟು ದಿನದ ಕೂಲಿಯ ಜೊತೆ ಒಂದು ಚೀಲ ಕಡಲೆ ಹೊಟ್ಟನ್ನೂ ಆಳಿನ ಕೈಲಿ ತರಿಸಿ ಕೊಟ್ಟರು.

ಸಂಜೆ ಮನೆಯ ಹಿಂದಿನ ಬೀಳಿನಲ್ಲಿ ಗೂಟಗಳನ್ನು ನೆಟ್ಟು ಬಲೆ ಕಟ್ಟಿದರು. ಅರವತ್ತು ಕುರಿಯ ಬಲೆ. ಅರ್ಧಕ್ಕೆ ಮಡಚಿದರೂ ದೊಡ್ಡದಾಯಿತು. ಮೂರು ಮರಿಗಳನ್ನು ಮೊದಲು ಒಳಗೆ ಬಿಟ್ಟರು. ಅವನು ಒಂದೊಂದಾಗಿ ಹಗ್ಗಗಳನ್ನು ಬಿಚ್ಚಿದ. ಬಿಚ್ಚಿದಂತೆ ಕುರಿಗಳು ದೂರ ಹೋಗಿ, ಒಂದೊಂದು ಒಂದೊಂದು ಕಡೆ ಮುಖ ಮಾಡಿ, ಕಿವಿ ನಿಮಿರಿಸಿ ನಿಂತವು. ಚೆನ್ನಕೇಶವನ ಕುರಿ ಯಾವ ಕಡೆಯೂ ನೋಡಲಿಲ್ಲ. ಒಣಹುಲ್ಲಿನ ಬುಡ ಹುಡುಕಿ ಹುಡುಕಿ ಮೇಯುತ್ತ ಬಲೆಯ ಬಾಯಿಗೆ ಬಂತು, ಒಳಗೆ ಹೋಯಿತು, ಮುಂಗಾಲು ಮಡಚಿ ಮಲಗಿ ಮೆಲುಕು ಹಾಕತೊಡಗಿತು.

ರಾಜಾತಿಯ ಕೆಂದಗುರಿ ತಿರುಗಿ ನೋಡಿತು. ಎರಡು ಹೆಜ್ಜೆ ಇಟ್ಟು ನಿಂತಿತು. ರಾಮಕ್ಕ ಅದನ್ನು ಹಿಂದಿನಿಂದ ಅಟ್ಟಲು ಕೋಲು ಎತ್ತಿದಳು. ಮುನಿವೆಂಕಟಪ್ಪ ಬೇಡ ಎಂದು ಕೈ ಮಾಡಿದ. ಅವಳು ಕೋಲು ಕೆಳಗಿಟ್ಟು, ಬಲೆಯ ತುದಿಯನ್ನು ಎತ್ತಿ ಹಿಡಿದು, ದಾರಿ ಬಿಟ್ಟು ಪಕ್ಕಕ್ಕೆ ನಿಂತಳು. ಹೊತ್ತು ಮುಳುಗುತ್ತಿತ್ತು. ಕೆಂದಗುರಿ ಇನ್ನೂ ಎರಡು ಹೆಜ್ಜೆ ಇಟ್ಟಿತು. ಅದರ ಹಿಂದೆ ಪೊನ್ನುಸ್ವಾಮಿಯ ಕುರಿ ತಲೆ ತಿರುಗಿಸಿತು.